ಮೂವತ್ತೆಂಟು ಸೆಕೆಂಡು

ಮಾರ್ಚ್ 4, ಸೋಮವಾರ

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಇವತ್ತೂ ಅರ್ಧ ಮೆಟ್ಟಿಲಿಳಿದವಳು ವಾಪಸ್ ಹತ್ತಿದೆ. ಆರಿಸಿದ್ದೆ. ಬೀದಿಯ ಕೊನೆ ಮುಟ್ಟಿದ ಮೇಲೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಓಡಿದೆ. ಹಾಕಿದ್ದೆ. ಬಸ್ ಸ್ಟಾಪಿನಲ್ಲಿ ಅತ್ತಿಗೆ ನಿಂತು ನಗುತ್ತಿದ್ದರು. "ಎಲ್ಲಾನೂ ತಲೇಲಿಟ್ಕೊಂಡು ಕುದಿಸ್ತೀಯಲ್ಲೇ. ಒಂದು ಪುಸ್ತಕದಲ್ಲಿ ಬರೆದು ಹಾಕು, ಹಗುರಾಗ್ತೀಯ" ಅಂದರು. ಅದಕ್ಕೇ ಈ ಪುಸ್ತಕ. ಯಾರೂ ಓದುವುದಿಲ್ಲ, ಅಕ್ಷರ ಸೊಟ್ಟಗಿದ್ದರೂ ನಡೆಯುತ್ತದೆ. ಆದರೂ ನೆಟ್ಟಗೇ ಬರೆಯುತ್ತಿದ್ದೇನೆ, ಏನು ಮಾಡಲಿ, ಜಾಯಮಾನ.

ಅತ್ತಿಗೆ, ನಾನು ಇಬ್ಬರೂ ತುರ್ತು ಕರೆ ಕೇಂದ್ರದಲ್ಲಿದ್ದೇವೆ. ಬೆಂಕಿ, ಅಪಘಾತ, ಎದೆನೋವು, ಏನಾದರೂ ಜನ ಫೋನ್ ಮಾಡುವುದು ಇಲ್ಲಿಗೆ. ಮೇಲಿನ ಹಾಲಿನಲ್ಲಿ ಅತ್ತಿಗೆ ಮತ್ತು ಇನ್ನೂ ಹನ್ನೊಂದು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕರೆ ಎತ್ತುತ್ತಾರೆ. ಕೆಳಗಿನ ತಣ್ಣನೆ ಕೋಣೆಯಲ್ಲಿ ನಾನು ಮತ್ತು ನನ್ನ ನಕಲುಪೆಟ್ಟಿಗೆ. ಅದರ ನಿಜವಾದ ಹೆಸರು ಮಾರುದ್ದ ಇದೆ, ನಾವು ಕರೆಯುವುದು ಹೀಗೆ. ಫೋನಿನ ಮಾತೆಲ್ಲ ತಂತಿಯೊಳಗೆ ಸಣ್ಣ ಸಣ್ಣ ಪ್ಯಾಕೆಟ್ಟಾಗಿ ಹೋಗುತ್ತದೆ, ಸೆಕೆಂಡಿಗೆ ಐವತ್ತು. ಪೆಟ್ಟಿಗೆಯ ಕೆಲಸ ಇಷ್ಟೇ: ಅಸಲು ಪ್ಯಾಕೆಟ್ಟನ್ನು ಅದರ ಪಾಡಿಗೆ ಹೋಗಲು ಬಿಟ್ಟು, ಅದರದೊಂದು ನಕಲು ಮಾಡಿ ರೆಕಾರ್ಡಿಂಗ್ ಯಂತ್ರಕ್ಕೆ ಕೊಡುವುದು. ನನ್ನ ಕೆಲಸ ಅದಕ್ಕಿಂತ ಕಡಿಮೆ. ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ನಡುವೆ ಎಷ್ಟು ಬಿದ್ದುಹೋಯಿತು ಎಂಬ ಅಂಕಿಗಳನ್ನು ಪರದೆಯಲ್ಲಿ ನೋಡಿಕೊಂಡಿದ್ದು, ಎರಡು ಗಂಟೆಗೆ ಪಾಳಿ ಬಿಡುವಾಗ ಹಾಳೆಯಲ್ಲಿ ಬರೆಯುವುದು.

"ಬಿದ್ದುಹೋದದ್ದು" ಎಂಬ ಕಾಲಮ್ಮಿನಲ್ಲಿ ಏಳು ತಿಂಗಳಿಂದ ಬರೀ ಸೊನ್ನೆ ಬರೆದಿದ್ದೇನೆ. ಸೇರಿದ ಹೊಸದರಲ್ಲಿ ಒಮ್ಮೆ ಹದಿನೇಳು ಎಂದು ಬರೆದು ಕೆಟ್ಟೆ. ನಮ್ಮ ಮೇಲ್ವಿಚಾರಕರು, ಎಲ್ಲರ ಬಾಯಲ್ಲಿ ಹಾಳೆರಾಯರು, ಆ ಹದಿನೇಳಕ್ಕೆ ಮೂರು ಪುಟ ವಿವರಣೆ ಬರೆಸಿಕೊಂಡರು. ಆಮೇಲಿಂದ ಒಂದೂ ಮುಕ್ಕಾಲಿಗೆ ಪರದೆಯ ಅಂಕಿಗಳನ್ನೆಲ್ಲ ಒರೆಸಿ ಸೊನ್ನೆ ಮಾಡಿ, ಆಮೇಲೆ ಓದಿ ಬರೆಯುತ್ತೇನೆ. ಮುಂದಿನ ಪಾಳಿಯವರಿಗೂ ಚೊಕ್ಕಟ, ನನಗೂ ನೆಮ್ಮದಿ. ಎಲ್ಲರೂ ಹಾಗೇ ಮಾಡುತ್ತಾರೆ.

ಈ ಒಂದನೇ ತಾರೀಖಿನಿಂದ ಒಂದು ಹೊಸ ರಗಳೆ. ಹಾಲಿನ ಕಂಪ್ಯೂಟರುಗಳ ಫೈಲುಗಳನ್ನು ದಿನಾ ಹನ್ನೊಂದು ಗಂಟೆಗೆ ಬೇರೆ ಕಡೆಗೆ ಕಳಿಸಿ ಕಾಪಿಡಬೇಕಂತೆ. ಅದೂ ಅದೇ ತಂತಿಯಲ್ಲಿ. ಕಳಿಸಿಕೊಳ್ಳಲಿ, ನನಗೇನು.

ಮಾರ್ಚ್ 5, ಮಂಗಳವಾರ

ಅತ್ತಿಗೆ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಮುಖ ತೊಳೆದುಕೊಂಡು ಹೇಳಿದರು. ಹನ್ನೊಂದು ದಾಟಿ ಎಂಟು ನಿಮಿಷಕ್ಕೆ ಒಬ್ಬನ ಕರೆ. ಅವನ ತಾಯಿ ಅಡುಗೆಮನೆಯಲ್ಲಿ ಕುಸಿದುಬಿದ್ದಿದ್ದರಂತೆ, ಉಸಿರಿಲ್ಲ. ಆಂಬುಲೆನ್ಸ್ ಹೊರಡಿಸಿ, ಅದು ಬರುವ ತನಕ ಎದೆ ಒತ್ತುವುದನ್ನು ಹೇಳಿಕೊಟ್ಟಿದ್ದಾರೆ. "ನಾನು ಎಣಿಸ್ತಾನೇ ಇದ್ದೆ, ಅವನು ಒತ್ತುತಾನೇ ಇದ್ದ. ಆದ್ರೂ ಹೋಗ್ಬಿಟ್ರು ಕಣೇ."

ಹದಿನಾಲ್ಕು ವರ್ಷದ ಅನುಭವ ಅವರಿಗೆ. ಆದರೂ ಇಂಥ ದಿನ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಾರೆ. ಅಣ್ಣ ಏನೋ ತಮಾಷೆ ಮಾಡಲು ಹೋಗಿ ಬೈಸಿಕೊಂಡ.

ನನ್ನ ಕಡೆ ಎಲ್ಲ ಸರಿ. ಸೊನ್ನೆ.

ಮಾರ್ಚ್ 8, ಶುಕ್ರವಾರ

ಸಾವಾದ ಕರೆಗಳನ್ನೆಲ್ಲ ಕೇಂದ್ರದಲ್ಲಿ ಮತ್ತೊಮ್ಮೆ ಕೂತು ಕೇಳುತ್ತಾರೆ, ಅದು ನಿಯಮ. ಮಂಗಳವಾರದ ಕರೆಯನ್ನು ಇವತ್ತು ಕೇಳಿದ್ದಾರೆ. ಅದರಲ್ಲಿ ಮೂವತ್ತೆಂಟು ಸೆಕೆಂಡು ಅತ್ತಿಗೆಯ ದನಿಯೇ ಇಲ್ಲವಂತೆ! ಆ ಮನುಷ್ಯ "ಹೇಳಿ ಮೇಡಂ, ಹೇಳಿ, ಹೇಳಿ" ಅನ್ನುವುದಷ್ಟೇ ಕೇಳುತ್ತದಂತೆ.

ಅತ್ತಿಗೆ ಕೂತು ಕೈಕಟ್ಟಿ ನೋಡುವ ಪೈಕಿಯಾ? ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಈ ಮನೆಗೆ ಬಂದವರು. ಅಮ್ಮ ಇಲ್ಲದ ಮನೆಗೆ. ನನಗೆ ಜ್ವರ ಬಂದರೆ ಇಡೀ ಬೀದಿಗೆ ಗೊತ್ತಾಗುವಷ್ಟು ಗಲಾಟೆ ಮಾಡಿದವರು. ಅವರು ಸುಮ್ಮನಿರುವುದಾ!

ಮಾರ್ಚ್ 9, ಶನಿವಾರ

ಅವರಿಗೂ ಕೇಳಿಸಿದರಂತೆ. ಕೇಳಿ ಬಂದವರ ಮುಖದಲ್ಲಿ ರಕ್ತವೇ ಇರಲಿಲ್ಲ. ವಿಚಾರಣೆ ಮುಗಿಯುವವರೆಗೆ ಸೀಟಿನಿಂದ ಎಬ್ಬಿಸಿ ಕಡತದ ಕೋಣೆಗೆ ಹಾಕಿದ್ದಾರೆ. ತಪ್ಪು ಎಂದಾದರೆ ಮತ್ತೆಂದೂ ಕರೆ ಎತ್ತುವ ಹಾಗಿಲ್ಲ.

ಹನ್ನೆರಡಕ್ಕೆ ಹಾಳೆರಾಯರು ಸ್ವತಃ ಕೆಳಗಿಳಿದು ಬಂದರು. "ಯಂತ್ರದ್ದೇನಾದ್ರೂ ತಪ್ಪಿದೆಯಾ ಅಂತ ವಿಚಾರಣೆ ಸಮಿತಿಯವರು ಕೇಳಿದಾರೆ. ನಿಮ್ಮ ಹಾಳೆ ಕೊಡಿ." ಕೊಟ್ಟೆ. ಒಂದೊಂದಾಗಿ ತಿರುವಿ ಹಾಕಿದರು. "ಮುತ್ತಿನ ಹಾಗಿದೆ ಕಣಮ್ಮ. ಏಳು ತಿಂಗಳಲ್ಲಿ ಒಂದು ಪ್ಯಾಕೆಟ್ಟೂ ಬಿದ್ದಿಲ್ಲ. ತಪ್ಪನ್ನ ಯಂತ್ರದ ಮೇಲೆ ಹಾಕೋಕೆ ಅವರಿಗಿನ್ನು ದಾರಿಯೇ ಇಲ್ಲ."

ಹೊಗಳಿದ್ದಕ್ಕೆ "ಥ್ಯಾಂಕ್ಸ್ ಸರ್" ಅಂದೆ. ಅವರು ಹೋದ ಮೇಲೆ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಟ್ಟೆ. ಬೆಳಿಗ್ಗೆ ತಿಂದದ್ದು ಆಗಿಬರಲಿಲ್ಲವೇನೋ.

ಮಾರ್ಚ್ 11, ಸೋಮವಾರ

ಸುಮ್ಮನೆ ನೋಡಿದೆ. ಹನ್ನೊಂದೂ ಹತ್ತಕ್ಕೆ. ಹಾಲಿನ ಕಡೆಯಿಂದ ಬರುವ ದಾರಿಯಲ್ಲಿ ಬಿದ್ದುಹೋದದ್ದು: 2,316.

ಪರದೆ ತಪ್ಪು ತೋರಿಸುತ್ತಿರಬಹುದು. ಒಂದೇ ದಿನ ನೋಡಿ ಏನನ್ನೂ ಹೇಳಲಿಕ್ಕಾಗುವುದಿಲ್ಲ. ಜನರು ಮಾತಾಡುವ ಕಡೆಯ ದಾರಿಯಲ್ಲಿ ಒಂದೂ ಬಿದ್ದಿರಲಿಲ್ಲ, ಅದು ಸಮಾಧಾನ. ಒಂದೂ ಮುಕ್ಕಾಲಿಗೆ ಒರೆಸಿದೆ. ಹಾಳೆಯಲ್ಲಿ ಸೊನ್ನೆ.

ನಾಳೆ ಇನ್ನೊಮ್ಮೆ ನೋಡಬೇಕು.

ಮಾರ್ಚ್ 12, ಮಂಗಳವಾರ

ಹನ್ನೊಂದು ಗಂಟೆಗೆ ಚಹಾಕ್ಕೆ ಹೋಗಿದ್ದೆ.

ಮಾರ್ಚ್ 15, ಶುಕ್ರವಾರ

ಈ ವಾರ ಚಹಾ ಜಾಸ್ತಿಯಾಗಿದೆ. ನಿದ್ದೆ ಸರಿಯಿಲ್ಲ.

ಸಂಜೆ ಅಡುಗೆಮನೆಯಿಂದ ಅತ್ತಿಗೆಯ ದನಿ ಕೇಳಿತು. ಯಾರ ಹತ್ತಿರ ಮಾತಾಡುತ್ತಿದ್ದಾರೆ ಎಂದು ಇಣುಕಿದರೆ ಯಾರೂ ಇಲ್ಲ. ಕಟ್ಟೆಗೆ ಎರಡೂ ಅಂಗೈ ಊರಿ, "ಜೋರಾಗಿ ಒತ್ತಿ, ಒಂದು, ಎರಡು, ಮೂರು, ನಾಲ್ಕು" ಎಂದು ಒಬ್ಬರೇ ಹೇಳಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ನಿಲ್ಲಿಸಿದರು.

"ನಿಜವಾಗ್ಲೂ ಹೀಗೆ ಹೇಳಿದ್ನಾ ನಾನು? ಇಲ್ಲಾ ಆಮೇಲೆ ಮನಸ್ಸೇ ಕಟ್ಟಿಕೊಂಡ ಕಥೇನಾ?"

"ಹೇಳಿರ್ತೀರಿ ಅತ್ತಿಗೆ."

"ಆ ಟೇಪು ಸುಳ್ಳು ಹೇಳುತ್ತೇನೇ? ಅದರಲ್ಲಿ ನಾನಿಲ್ಲ. ಅವನು ಅಷ್ಟು ಅಂಗಲಾಚ್ತಾ ಇದಾನೆ, ನಾನು ಇಲ್ಲ. ಹೆದರಿ ಬಾಯಿ ಕಟ್ಟಿಹೋಗಿತ್ತೋ ಏನೋ. ಹಾಗೂ ಆಗುತ್ತಂತಲ್ಲ."

ಅಣ್ಣ ಕನ್ನಡಕದಂಗಡಿಯಿಂದ ಆಗಷ್ಟೇ ಬಂದವನು ಬಾಗಿಲಲ್ಲೇ ನಿಂತ. "ನಿನ್ನ ಬಾಯಿ ಕಟ್ಟೋದಾ? ಮದುವೆಯಾಗಿ ಹದಿನಾರು ವರ್ಷದಲ್ಲಿ ಒಂದು ಸಲ ಆಗಿದ್ರೂ ನಾನು ಹಬ್ಬ ಮಾಡ್ತಿದ್ದೆ" ಅಂದ. ಅತ್ತಿಗೆ ನಗಲಿಲ್ಲ. ಅವನೂ ನಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಆ ಡಬ್ಬಿಯಲ್ಲೇನೂ ತಪ್ಪಿಲ್ಲ ತಾನೇ?" ಎಂದು ಕೇಳಿದ.

ಹಾಳೆಗಳನ್ನು ಸಮಿತಿಗೆ ಕೊಟ್ಟಿದ್ದೇನೆ ಎಂದು ಹೇಳಿದೆ. ಅದು ಸುಳ್ಳಲ್ಲ.

ಮಾರ್ಚ್ 18, ಸೋಮವಾರ

ನೋಡಿದೆ. ಇವತ್ತು ಕುರ್ಚಿಗೆ ಅಂಟಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಹತ್ತೂ ಐವತ್ತೊಂಬತ್ತರವರೆಗೆ ಒಂದೂ ಬಿದ್ದಿಲ್ಲ. ಹನ್ನೊಂದಕ್ಕೆ ಹಾಲಿನ ಫೈಲುಗಳು ಹೊರಟವು. ಮೂರನೇ ನಿಮಿಷದಿಂದ ಶುರುವಾಯಿತು. ಇನ್ನೂರು, ಒಂಬೈನೂರು, ಸಾವಿರದ ಆರುನೂರು. ಹನ್ನೊಂದೂ ಇಪ್ಪತ್ತಕ್ಕೆ ಫೈಲು ಮುಗಿಯಿತು, ಅಂಕಿ ನಿಂತಿತು.

ಅರ್ಥವಾಗಲಿಕ್ಕೆ ಏನಿದೆ. ಫೈಲುಗಳೂ ಹಾಲಿನವರ ಮಾತೂ ಒಂದೇ ದಾರಿಯಲ್ಲಿ ಪೆಟ್ಟಿಗೆಗೆ ಬರುತ್ತವೆ. ಫೈಲು ನುಗ್ಗಿದಾಗ ಪೆಟ್ಟಿಗೆ ಉಸಿರುಗಟ್ಟಿ, ಹಿಂದೆ ನಿಂತದ್ದನ್ನೆಲ್ಲ ನಕಲು ಮಾಡದೆ ಬಿಸಾಡುತ್ತದೆ. ಅಸಲು ಮಾತು ಹೋಗುವವರಿಗೆ ಹೋಗೇ ಹೋಗುತ್ತದೆ, ನಕಲು ಮಾತ್ರ ಇಲ್ಲ. ಜನರ ಮಾತು ಬೇರೆ ದಾರಿಯಲ್ಲಿ ಬರುತ್ತದೆ, ಅದಕ್ಕೇನೂ ಆಗುವುದಿಲ್ಲ. ಅದಕ್ಕೇ ಟೇಪಿನಲ್ಲಿ ಅವನಿದ್ದಾನೆ, ಅತ್ತಿಗೆ ಇಲ್ಲ. ಅವನ "ಹೇಳಿ, ಹೇಳಿ"ಯೂ ಅಷ್ಟೇ, ಗಾಬರಿಯಲ್ಲಿರುವವರು ಹೇಳುತ್ತಿರುವಾಗಲೂ ಹಾಗೇ ಅನ್ನುತ್ತಿರುತ್ತಾರೆ.

ಆದರೆ ಇವತ್ತು ಹೀಗಾಯಿತೆಂದರೆ ಐದನೇ ತಾರೀಖೂ ಹೀಗೇ ಆಗಿತ್ತು ಎಂದು ಹೇಗೆ ಹೇಳುವುದು? ಅವತ್ತಿನ ಅಂಕಿ ಇದ್ದಿದ್ದರೆ ತೋರಿಸಬಹುದಿತ್ತು. ಅವತ್ತಿನದನ್ನು ಒರೆಸಿದ್ದೇನೆ. ಹಾಳೆಯಲ್ಲಿ ಸೊನ್ನೆಯಿದೆ, ಕೆಳಗೆ ನನ್ನ ಸಹಿಯಿದೆ. ಈಗ ಬಾಯಿಬಿಟ್ಟರೆ ನನ್ನ ಕೆಲಸವೂ ಹೋಗುತ್ತದೆ, ಅತ್ತಿಗೆಗೂ ಏನೂ ಉಪಯೋಗವಿಲ್ಲ. ಉಪಯೋಗವಿದ್ದರೆ ಹೇಳುತ್ತಿದ್ದೆ. ಖಂಡಿತ ಹೇಳುತ್ತಿದ್ದೆ.

ಇವತ್ತು ಒರೆಸಲು ಕೈ ಹೋಯಿತು, ತಡೆದು ವಾಪಸ್ ತೆಗೆದೆ, ಆಮೇಲೆ ಒರೆಸಿದೆ.

ಮಾರ್ಚ್ 20, ಬುಧವಾರ

ಕೇಂದ್ರದ ಫೋನ್ ಎಕ್ಸ್‌ಚೇಂಜ್ ನೋಡಿಕೊಳ್ಳುವವರನ್ನು ನಾವು ಮೇಷ್ಟ್ರು ಅನ್ನುತ್ತೇವೆ. ಒಂದು ಪ್ರಶ್ನೆ ಕೇಳಿದರೆ ಅರ್ಧ ಗಂಟೆ ಪಾಠ. ಊಟದ ಹೊತ್ತಿನಲ್ಲಿ ಏನೂ ಗೊತ್ತಿಲ್ಲದವಳಂತೆ ಕೇಳಿದೆ, "ಮೇಷ್ಟ್ರೇ, ಒಂದು ಕರೆಯಲ್ಲಿ ಎಷ್ಟು ಪ್ಯಾಕೆಟ್ ಹೋಯಿತು ಅಂತ ಪೆಟ್ಟಿಗೆ ಬಿಟ್ಟು ಬೇರೆ ಯಾರಿಗಾದ್ರೂ ಗೊತ್ತಿರುತ್ತಾ?"

ಕೇಳಿದ್ದೇ ತಡ, ಕೈ ತೊಳೆಯುವುದನ್ನೂ ಬಿಟ್ಟು ಶುರುಮಾಡಿದರು. ಕರೆ ಮುಗಿದ ಕೂಡಲೇ ಮೇಜಿನ ಮೇಲಿನ ಫೋನೇ ಎಕ್ಸ್‌ಚೇಂಜಿಗೆ ಲೆಕ್ಕ ಒಪ್ಪಿಸುತ್ತದಂತೆ, ನಾನು ಇಷ್ಟು ಕಳಿಸಿದೆ ಅಂತ. "ಇನ್ನೊಂದು ಸ್ವಾರಸ್ಯ ಕೇಳಿ. ನಮ್ಮ ಫೋನುಗಳು ಮಹಾ ಜಿಪುಣ. ಮಾತಾಡಿದ್ರೆ ಮಾತ್ರ ಪ್ಯಾಕೆಟ್ ಕಳಿಸ್ತವೆ, ಸುಮ್ಮನಿದ್ರೆ ಒಂದೂ ಇಲ್ಲ."

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಅತ್ತಿಗೆಯ ಫೋನು ಕಳಿಸಿದ್ದು ಎಷ್ಟು, ರೆಕಾರ್ಡಿಂಗ್ ಯಂತ್ರಕ್ಕೆ ಸಿಕ್ಕಿದ್ದು ಎಷ್ಟು, ಎರಡೂ ಪಕ್ಕಪಕ್ಕ ಇಟ್ಟರೆ ಸಾಕು. ಅವರು ಸುಮ್ಮನಿದ್ದಿದ್ದರೆ ಎರಡೂ ಒಂದೇ ಇರುತ್ತದೆ. ಮಾತಾಡಿದ್ದರೆ ವ್ಯತ್ಯಾಸ ಬರಬೇಕು.

"ಎಷ್ಟು ದಿನ ಇಟ್ಟಿರ್ತೀರಿ ಅದನ್ನ?"

"ಮೂವತ್ತು ದಿನ. ಆಮೇಲೆ ತಾನಾಗೇ ಅಳಿಸಿಹೋಗುತ್ತೆ. ಬೇಕಿದ್ರೆ ಒಂದು ಅರ್ಜಿ ಕೊಡಿ, ಕಾರಣ ಬರೆದು."

ಮಾರ್ಚ್ ಐದರ ಲೆಕ್ಕ ಏಪ್ರಿಲ್ ನಾಲ್ಕಕ್ಕೆ ಅಳಿಸಿಹೋಗುತ್ತದೆ. ಅರ್ಜಿಯ ಹಾಳೆ ತಂದಿದ್ದೇನೆ. "ಕಾರಣ" ಎಂಬ ಜಾಗ ದೊಡ್ಡದಾಗಿದೆ, ಆರು ಗೆರೆ.

ಮಾರ್ಚ್ 21, ಗುರುವಾರ

ಅರ್ಜಿ ಬ್ಯಾಗಿನಲ್ಲಿದೆ. ಇನ್ನೂ ಹದಿನಾಲ್ಕು ದಿನ ಇದೆ.

ಮಾರ್ಚ್ 23, ಶನಿವಾರ

ಅರ್ಜಿ ಬ್ಯಾಗಿನಲ್ಲೇ ಇದೆ. ಬಸ್ಸಿನಲ್ಲಿ ಅತ್ತಿಗೆ ಪಕ್ಕ ಕೂತಾಗ ಬ್ಯಾಗನ್ನು ಆ ಕಡೆ ಇಟ್ಟುಕೊಳ್ಳುತ್ತೇನೆ.

ಕಾರಣ ಬರೆಯದೆ ಕೊಡಬಹುದೇ ಎಂದು ಮೇಷ್ಟ್ರನ್ನು ಕೇಳಿದೆ. "ಕಾರಣ ಇಲ್ಲದೆ ಕೊಟ್ರೆ ಹಾಳೆರಾಯರು ನನ್ನ ತಿಥಿ ಮಾಡ್ತಾರೆ" ಅಂದರು. ಬೇರೇನಾದರೂ ಕಾರಣ ಬರೆಯಬಹುದೇ ಎಂದು ಮೂರು ನಮೂನೆ ಯೋಚಿಸಿ ಬರೆದು ಹರಿದೆ. ಯಾವುದನ್ನು ಬರೆದರೂ ಕೊನೆಗೆ "ಹಾಗಾದ್ರೆ ನಿಮ್ಮ ಹಾಳೆಯಲ್ಲಿ ಸೊನ್ನೆ ಯಾಕಿದೆ?" ಎಂಬಲ್ಲಿಗೇ ಬಂದು ನಿಲ್ಲುತ್ತದೆ.

ಅತ್ತಿಗೆ ತೆಳ್ಳಗಾಗಿದ್ದಾರೆ. ಮನೆಯ ಫೋನು ಹೊಡೆದುಕೊಂಡರೆ ಎತ್ತುವುದಿಲ್ಲ. ಅಣ್ಣನಿಗೋ ನನಗೋ ಕೂಗುತ್ತಾರೆ. ನನ್ನ ತಲೆ ಕೆಟ್ಟುಹೋಗಿದೆ.

ಮಾರ್ಚ್ 26, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಸಂಜೆ ನಾಲ್ಕಕ್ಕೆ ಅತ್ತಿಗೆ ನನ್ನ ಕೋಣೆಗೆ ಬಂದರು. ಕೈಯಲ್ಲಿ ಗೀಚಿ ಹೊಡೆದು ಹಾಕಿದ ಎರಡು ಹಾಳೆ. "ನಾಡಿದ್ದು ವಿಚಾರಣೆ. ನನ್ನ ಅಕ್ಷರ ಕೈ ನಡುಗಿ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ನಿನ್ನದು ಚೆಂದ ಅಲ್ವಾ, ಸ್ವಲ್ಪ ಚೊಕ್ಕಟವಾಗಿ ಬರೆದುಕೊಡೇ" ಅಂದರು.

ಕೂತು ಶುರುಮಾಡಿದೆ. ಮಾನ್ಯರೇ, ನಾನು ಹದಿನಾಲ್ಕು ವರ್ಷದಿಂದ, ಇತ್ಯಾದಿ. ಅತ್ತಿಗೆ ಮಂಚದ ಮೇಲೆ ಕೂತು ಕಾಯುತ್ತಿದ್ದರು. ಎರಡನೇ ಪ್ಯಾರಾ: "ಸದರಿ ಕರೆಯಲ್ಲಿ ನಾನು ಮೂವತ್ತೆಂಟು ಸೆಕೆಂಡು ಏನೂ ಹೇಳದೆ ಸುಮ್ಮನಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಆ ತಾಯಿಯ ಸಾವಿಗೆ ನನ್ನ ಮೌನವೂ ಕಾರಣವಾಗಿರಬಹುದು."

ಬರೆದೆ. "ಸುಮ್ಮನಿದ್ದೆನೆಂದು" ಎಂಬಲ್ಲಿವರೆಗೆ ಬರೆದೆ. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು. ಪೆನ್ನು ಕೆಳಗಿಟ್ಟೆ.

"ಇದನ್ನ ಕೊಡ್ಬೇಡಿ ಅತ್ತಿಗೆ."

"ಯಾಕೆ, ತಪ್ಪಿದೆಯಾ?"

"ನೀವು ಸುಮ್ಮನಿರ್ಲಿಲ್ಲ."

"ನಿನಗೆ ಪ್ರೀತಿ, ಅದಕ್ಕೆ ಹಾಗಂತೀಯ" ಅಂದು ತಲೆ ನೇವರಿಸಿದರು. ನೇವರಿಸಿದರು! ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹಾಳೆ ಹರಿದು, ಎದ್ದು ಚಪ್ಪಲಿ ಮೆಟ್ಟಿ ಕೇಂದ್ರಕ್ಕೆ ಹೋದೆ. ಬಸ್ಸಿನಲ್ಲಿ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡೇ ಆ ಆರು ಗೆರೆ ತುಂಬಿಸಿದೆ. ಸಾಲದೆ ಹಿಂದುಗಡೆಯೂ ಬರೆದೆ. ಬಸ್ಸು ಕುಲುಕಿ ಅಕ್ಷರ ಎಲ್ಲೆಲ್ಲೋ ಹೋಯಿತು. ಮೇಷ್ಟ್ರು ಓದಿದರು. ಮೊದಲ ಸಲ ಅವರು ಏನೂ ಪಾಠ ಮಾಡಲಿಲ್ಲ.

ಮಾರ್ಚ್ 28, ಗುರುವಾರ

ಬೀಗ ಹಾಕಿದ್ದು ಅಣ್ಣನೋ ನಾನೋ ನೆನಪಿಲ್ಲ. ಒಂಬತ್ತಕ್ಕೇ ಕೇಂದ್ರದಲ್ಲಿದ್ದೆ.

ಸಮಿತಿಯ ಅಧ್ಯಕ್ಷೆ ನಿವೃತ್ತ ಡಾಕ್ಟರಮ್ಮ. ಸಣ್ಣ ದೇಹ, ದೊಡ್ಡ ದನಿ. ಒಂದು ಕಡೆ ಹಾಳೆರಾಯರು ನನ್ನ ಏಳು ತಿಂಗಳ ಹಾಳೆಗಳನ್ನು ಪಿನ್ ಹಾಕಿ ಮುಂದಿಟ್ಟುಕೊಂಡು ಕೂತಿದ್ದರು. ಅತ್ತಿಗೆ ಇನ್ನೊಂದು ಕಡೆ, ಕೈಯಲ್ಲಿ ಅವರೇ ಮತ್ತೆ ಬರೆದ ಪತ್ರ. ಮೇಷ್ಟ್ರು ಎದ್ದು ಓದಿದರು. ಅತ್ತಿಗೆಯ ಫೋನು ಆ ಕರೆಯಲ್ಲಿ ಕಳಿಸಿದ್ದು 7,412. ರೆಕಾರ್ಡಿಂಗ್ ಯಂತ್ರಕ್ಕೆ ಸಿಕ್ಕಿದ್ದು 5,509. ವ್ಯತ್ಯಾಸ 1,903. ಸೆಕೆಂಡಿಗೆ ಐವತ್ತರಂತೆ ಮೂವತ್ತೆಂಟು ಸೆಕೆಂಡು.

"ಅಂದ್ರೆ?" ಅಂದರು ಡಾಕ್ಟರಮ್ಮ.

"ಅಂದ್ರೆ ಅಷ್ಟು ಹೊತ್ತೂ ಇವರು ಮಾತಾಡ್ತಿದ್ರು, ಮೇಡಂ. ಆ ಕಡೆಯವರಿಗೆ ಹೋಗಿದೆ. ನಕಲು ಮಾತ್ರ ಬಿದ್ದುಹೋಗಿದೆ."

ಹಾಳೆರಾಯರು ಹಾಳೆಗಳನ್ನು ಎತ್ತಿ ತೋರಿಸಿದರು. "ಸಾಧ್ಯವೇ ಇಲ್ಲ. ಇಲ್ನೋಡಿ, ಐದನೇ ತಾರೀಖು. ಸೊನ್ನೆ."

ನಾನು ಎದ್ದು ನಿಂತೆ. ಒರೆಸಿ ಆಮೇಲೆ ಓದುವ ವಿಷಯ ಹೇಳಿದೆ. ಏಳು ತಿಂಗಳ ಯಾವ ಸೊನ್ನೆಯೂ ನಿಜವಲ್ಲ ಎಂದೆ. ಎಲ್ಲರೂ ಹಾಗೇ ಮಾಡುತ್ತಾರೆ ಎನ್ನುವುದು ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಹಾಳೆರಾಯರು ಪಿನ್ನನ್ನು ತೆಗೆದು ಮತ್ತೆ ಹಾಕಿದರು.

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಪ್ಯಾಕೆಟ್ ಬೀಳ್ತಾ ಇದೆ ಅಂತ ನೀವು ಮೊದಲು ಯಾವಾಗ ನೋಡಿದ್ರಿ?"

"ಹನ್ನೊಂದನೇ ತಾರೀಖು."

"ಮಾರನೇ ದಿನ?"

"ಮಾರನೇ ದಿನ ನೋಡ್ಲಿಲ್ಲ."

"ಯಾಕೆ?"

"ಹೆದರಿಕೆ ಆಯ್ತು ಮೇಡಂ."

ಅತ್ತಿಗೆ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಮೇಷ್ಟ್ರ ಕೈಯಲ್ಲಿದ್ದ ಕಾಗದವನ್ನು ಇಸಿದುಕೊಂಡು, ಬೆರಳಿಟ್ಟು, ಸಾವಿರದ ಒಂಬೈನೂರ ಮೂರು, ಸಾವಿರದ ಒಂಬೈನೂರ ಮೂರು ಎಂದು ಓದಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು.

ಮಾರ್ಚ್ 30, ಶನಿವಾರ

ಆದೇಶ ಬಂತು. ಅತ್ತಿಗೆಯ ಮೇಲೆ ಯಾವ ತಪ್ಪೂ ಇಲ್ಲ. ಫೈಲುಗಳಿಗೆ ಬೇರೆ ತಂತಿ ಎಳೆಯುತ್ತಾರೆ. ನನ್ನನ್ನು ಪೆಟ್ಟಿಗೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ, ಮುಂದಿನದು ಆಮೇಲೆ ತೀರ್ಮಾನವಂತೆ. ಕೆಲಸ ಉಳಿಯುತ್ತದೆಯೋ ಹೋಗುತ್ತದೆಯೋ ಎಂದು ಅಣ್ಣ ನನಗಿಂತ ಹೆಚ್ಚು ಚಡಪಡಿಸುತ್ತಿದ್ದಾನೆ.

ಅತ್ತಿಗೆ ಊಟಕ್ಕೆ ಕರೆಯುತ್ತಾರೆ, ಒಗೆದ ಬಟ್ಟೆ ತಂದಿಡುತ್ತಾರೆ. ಬೇಕಾದಷ್ಟೇ ಮಾತು. ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಏಪ್ರಿಲ್ 1, ಸೋಮವಾರ

ಅತ್ತಿಗೆ ಇವತ್ತು ಮತ್ತೆ ಸೀಟಿಗೆ ಹೋದರು. ಬೆಳಿಗ್ಗೆ ನನಗಿಂತ ಮುಂಚಿನ ಬಸ್ಸಿಗೆ ಹೊರಟಿದ್ದರು.

ಹತ್ತಕ್ಕೆ ಹಾಲಿನಿಂದ ಉಗ್ರಾಣಕ್ಕೆ ಚೀಟಿ ಬಂತು: ನಾಲ್ಕನೇ ಸೀಟಿಗೆ ಹೊಸ ಹೆಡ್‌ಫೋನ್. ಅತ್ತಿಗೆಯ ಸೀಟು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ನಾನೇ ತೆಗೆದುಕೊಂಡು ಮೇಲೆ ಹೋದೆ. ಅವರು ಹಳೆಯದನ್ನು ಬಿಚ್ಚಿ ಕೊಟ್ಟರು, ಹೊಸದನ್ನು ಕಿವಿಗೆ ಹೊಂದಿಸಿಕೊಂಡರು. ಕರೆ ಇರಲಿಲ್ಲ. ಈಗಲ್ಲದಿದ್ದರೆ ಇನ್ನೆಂದೂ ಆಗುವುದಿಲ್ಲ ಅನ್ನಿಸಿತು.

"ಅತ್ತಿಗೆ, ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

ಅವರು ಪರದೆಯ ಕಡೆಯೇ ನೋಡುತ್ತಿದ್ದರು. ದನಿ ಏರಿಸಲಿಲ್ಲ.

"ಅಂಕಿ ಒರೆಸಿದ್ದು ತಪ್ಪೇನಲ್ಲ ಬಿಡು, ಯಾರಾದ್ರೂ ಮಾಡ್ತಿದ್ರು. ಅವನು ಅಷ್ಟು ಕೂಗ್ತಾ ಇದ್ದಾಗ ನಾನು ಮೂವತ್ತೆಂಟು ಸೆಕೆಂಡು ಸುಮ್ಮನಿದ್ದೆ ಅಂತ ನನ್ನನ್ನ ನಾನೇ ಕೊಂದ್ಕೊಂಡೆ. ಅಡುಗೆಮನೇಲಿ ನಿಂತು ನಿನ್ನನ್ನ ಕೇಳ್ದೆ, ಹೇಳಿದ್ನೇನೇ ನಾನು ಅಂತ. ಸುಮ್ಮನಿದ್ದೋಳು ನೀನು. ಹದಿನೈದು ದಿನ."

ಅಷ್ಟರಲ್ಲಿ ಅವರ ಮುಂದಿದ್ದ ಕರೆಯ ದೀಪ ಹತ್ತಿತು. ಅತ್ತಿಗೆ ಗುಂಡಿ ಒತ್ತಿದರು. ದನಿ ಪೂರಾ ಬದಲಾಯಿತು, ನನಗೆ ಜ್ವರ ಬಂದಾಗ ಇರುತ್ತಿದ್ದ ದನಿ.

"ಹೇಳಿ, ಏನಾಯ್ತು? ಹೆದರ್ಬೇಡಿ. ನಾನು ಇಲ್ಲೇ ಇದ್ದೀನಿ."

ಆ ಕಡೆ ಯಾರೆಂದು ಗೊತ್ತಿಲ್ಲ. ಅತ್ತಿಗೆ ಅವರ ವಿಳಾಸ ಕೇಳಿ ಬರೆದುಕೊಂಡರು, ಗಾಡಿ ಹೊರಡಿಸಿದರು, ಒಂದು ಕ್ಷಣವೂ ಮಾತು ನಿಲ್ಲಿಸಲಿಲ್ಲ. ನಾನು ಹಳೆಯ ಹೆಡ್‌ಫೋನ್ ಹಿಡಿದುಕೊಂಡು ಕರೆ ಮುಗಿಯುವ ತನಕ ಅವರ ಬೆನ್ನ ಹಿಂದೆ ನಿಂತಿದ್ದೆ. ಅವರು ತಿರುಗಿ ನೋಡಲಿಲ್ಲ.